ಮೊಳೆಗೆ ನೇತಾಡಿದ ಉಂಗುರ

"ಮತ್ತೆ ಆ ಮೊಳೆಗಳನ್ನೇ ನೋಡ್ತಾ ನಿಂತ್ಯಾ? ಅವೇನು ಬಾಯಿ ಬಿಡ್ತಾವಾ, ಸಾರ್ಜೆಂಟಮ್ಮ?"

ಯೂಲಾ ಕೇಕಿನ ತಟ್ಟೆ ಹೊತ್ತು ದೀಪಸ್ತಂಭದ ಬಾಗಿಲಿಗೆ ಬಂದು ನಿಂತಿದ್ದಳು. ಲವೀನಿಯಾ ಮಾಕ್ಸಿ ತಿರುಗಿ ನೋಡಲಿಲ್ಲ. ಬಾಗಿಲ ಒಳಗೋಡೆಗೆ ಸಾಲಾಗಿ ಹಿತ್ತಾಳೆಯ ಮೊಳೆಗಳು. ಪ್ರತಿ ಮೊಳೆಯ ಕೆಳಗೂ ದೀಪಸ್ತಂಭ ನೋಡಿಕೊಳ್ಳುವ ಬಳಗದ ಒಬ್ಬೊಬ್ಬರ ಹೆಸರು. ಮೊದಲನೆಯ ಹೆಸರು ವಿನ್ಸ್‌ಲೋ ಸ್ಯಾಂಡ್ಸ್.

ಸೋಮವಾರ ಬೆಳಿಗ್ಗೆ ಆ ವಿನ್ಸ್‌ಲೋ ದೀಪದ ಸುತ್ತಲಿನ ಮೇಲಿನ ಜಗಲಿಯಿಂದ ಬಿದ್ದು ಸತ್ತಿದ್ದ, ದೀಪ ತೇಲುತ್ತ ತಿರುಗಲು ತೊಟ್ಟಿಯಲ್ಲಿದ್ದ ಪಾದರಸ ಮಾಯವಾಗಿತ್ತು, ಎರಡನ್ನೂ ಲವೀನಿಯಾಳ ತಮ್ಮ ಆಲ್ಫಿಯಸ್‌ನ ತಲೆಗೆ ಕಟ್ಟಿ ಲಾಕಪ್ಪಿಗೆ ಹಾಕಿದ್ದರು. ಇವತ್ತು ಮಧ್ಯಾಹ್ನ ರಾಜಧಾನಿ ನಸ್ಸಾವ್‌ನಿಂದ ಪೊಲೀಸ್ ಬೋಟು ಬಂದು ಅವನನ್ನು ಒಯ್ಯುತ್ತದೆ. ಒಮ್ಮೆ ಆ ಬೋಟು ಹತ್ತಿದನೋ, ಗಾಲಿನ್ ದ್ವೀಪದ ಮಟ್ಟಿಗೆ ಅವನು ಕೊಲೆಗಾರನೇ. ಆಮೇಲೆ ಯಾವ ನ್ಯಾಯಾಲಯ ಏನು ಹೇಳಿದರೂ ಇಲ್ಲಿಯವರು ಕೇಳುವವರಲ್ಲ.

"ನಿಮ್ಮ ಬಳಗದ ಕೇಕು ಖರ್ಚಾಗ್ತಾ ಇದೆಯಾ?" ಲವೀನಿಯಾ ಕೇಳಿದಳು.

"ಯಾಕಾಗಲ್ಲ? ಜನ ಸತ್ತ ಜಾಗ ನೋಡಕ್ಕೆ ಬರ್ತಾರೆ, ಹಸಿವಾಗುತ್ತೆ, ತಿಂತಾರೆ."

ಸತ್ತವನಿಗೆ ಗೌರವ ಎಂದು ದೀಪಸ್ತಂಭದ ಸುತ್ತಲಿನ ಪಾರ್ಕಿನ ಗೇಟು ಮುಚ್ಚಿದ್ದು ಒಂದೇ ದಿನ. ಮರುದಿನದಿಂದ ಬಳಗದವರು ಮತ್ತೆ ಬಣ್ಣದ ಡಬ್ಬ, ಕುಂಚ, ಸೀಬೆಹಣ್ಣಿನ ಕೇಕು ಹಿಡಿದು ಹಾಜರು. ಶುಕ್ರವಾರ ಸರ್ಕಾರಿ ಅಧಿಕಾರಿ ಬರುತ್ತಾನೆ. ದೀಪ ತಿರುಗುತ್ತಿದ್ದರೆ ಪಾರ್ಕು ಬಳಗದ ಕೈಯಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ವಿಹಾರಧಾಮದವರ ಪಾಲು. ಅವರು ಮೇಲೊಂದು ಬಾರ್ ಮಾಡುತ್ತಾರಂತೆ.

ಎಂಥ ಊರಪ್ಪಾ ಇದು ಎಂದು ಲವೀನಿಯಾಳಿಗೆ ಎಷ್ಟೋ ಸಲ ಅನಿಸಿದ್ದಿದೆ. ಹಡಗುಗಳು ಬಂಡೆಗೆ ಬಡಿದು ಒಡೆದಾಗ ತೇಲಿಬಂದದ್ದನ್ನು ಬಾಚಿಕೊಂಡು ಬದುಕಿದವರು ಇವರ ಮುತ್ತಜ್ಜಂದಿರು. ಹಡಗು ಒಡೆಯುವುದು ನಿಲ್ಲುತ್ತದೆಂದು, ದೀಪಸ್ತಂಭ ಕಟ್ಟಲು ಬಂದ ಕೂಲಿಗಳಿಗೆ ಕುಡಿಯುವ ನೀರು ಕೊಡದೆ ಸತಾಯಿಸಿದವರು. ಅವರ ಮರಿಮಕ್ಕಳು ಈಗ ಅದೇ ಗೋಡೆಗೆ ಕೆಂಪು ಪಟ್ಟಿ ಬಳಿಯುತ್ತಾ, ನಮ್ಮ ದೀಪ, ನಮ್ಮ ಹೆಮ್ಮೆ ಎಂದು ಎದೆ ತಟ್ಟಿಕೊಳ್ಳುತ್ತಾರೆ.

"ಯೂಲಾ, ಸೋಮವಾರ ಬೆಳಿಗ್ಗೆ ವಿನ್ಸ್‌ಲೋನ ನೋಡಿದವಳು ನೀನು ತಾನೆ?"

"ಎಷ್ಟು ಸಲ ಹೇಳಲಿ? ನಮ್ಮ ಬೇಲಿ ಪಕ್ಕದಲ್ಲೇ ಹೋದ. ಎಲ್ಲಿಗೆ ಅಂದೆ. ಪರದೆ ಹಾಕಕ್ಕೆ ಅಂದ."

ಅದು ಎಲ್ಲರಿಗೂ ಗೊತ್ತಿದ್ದ ಕೆಲಸ. ದೀಪದ ಸುತ್ತ ಆಳೆತ್ತರದ ಗಾಜಿನ ಗೂಡು. ಹಗಲಲ್ಲಿ ಅದಕ್ಕೆ ಪರದೆ ಸುತ್ತದಿದ್ದರೆ ಬಿಸಿಲೆಲ್ಲ ಒಂದೇ ಕಡೆ ಕೂಡಿ ಬೆಂಕಿ ಹತ್ತಿಕೊಳ್ಳುತ್ತದೆ. ಬೆಳಗಾದರೆ ಯಾರಾದರೊಬ್ಬರು ಮೇಲೆ ಹೋಗಿ ಪರದೆ ಎಳೆಯಲೇಬೇಕು.

"ಪರದೆ ಹಾಕೋಕೆ ಉಂಗುರ ಬಿಚ್ಚಬೇಕಾ?"

"ಅದಕ್ಯಾಕೆ ಬಿಚ್ಚಬೇಕು? ಪಾದರಸದ ತೊಟ್ಟಿಗೆ ಕೈ ಹಾಕೋವಾಗ ಮಾತ್ರ ಬಿಚ್ಚಿ ಇಲ್ಲಿ ನೇತುಹಾಕೋದು. ಪಾದರಸ ತಾಗಿದರೆ ಚಿನ್ನ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ. ದೀಪ ಕಾಯೋರ ಮನೇಲಿ ಹುಟ್ಟಿ ನನ್ನ ಕೇಳ್ತೀಯಲ್ಲ! ಈ ನಿಯಮ ಮಾಡಿದೋನೇ ವಿನ್ಸ್‌ಲೋ. ಮೊಳೆ ಹೊಡೆದೋನೂ ಅವನೇ, ಹೆಸರು ಬರೆದೋನೂ ಅವನೇ. ತನ್ನ ಹೆಸರು ಮೊದಲು ಬರೆದ, ನೋಡು."

"ಅವನ ಉಂಗುರ ಆ ದಿನ ಎಲ್ಲಿತ್ತು?"

"ಇದೇ ಮೊಳೆಗೆ ನೇತಾಡ್ತಿತ್ತಲ್ಲ. ನಾವೆಲ್ಲ ನೋಡಿದ್ವಿ. ಪಾಪ, ಅದನ್ನ ನೋಡಿ ನಾನು ಅತ್ತೂ ಬಿಟ್ಟೆ." ಯೂಲಾ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಯಾಕೆ?"

ಲವೀನಿಯಾ ಆ ಖಾಲಿ ಮೊಳೆಯನ್ನು ಬೆರಳಿಂದ ಮುಟ್ಟಿದಳು. ಉಂಗುರ ಮೊಳೆಯ ಮೇಲಿತ್ತು. ಊರೆಲ್ಲ ನೋಡಿತು, ಊರೆಲ್ಲ ಅತ್ತಿತು, ಒಬ್ಬರಿಗೂ ಹೊಳೆಯಲಿಲ್ಲ. ಪರದೆ ಹಾಕಲು ಹೊರಟವನು ಉಂಗುರ ಬಿಚ್ಚುವುದಿಲ್ಲ. ವಿನ್ಸ್‌ಲೋ ಮೇಲೆ ಹೋದದ್ದು ಪಾದರಸಕ್ಕೆ ಕೈ ಹಾಕಲು. ಕಳ್ಳತನಕ್ಕೆ ಹೋಗುವಾಗಲೂ ತಾನೇ ಮಾಡಿದ ನಿಯಮ ಮುರಿಯಲು ಆ ಮನುಷ್ಯನಿಗೆ ಕೈ ಬಂದಿರಲಿಲ್ಲ.

"ಅವನ ಮೇಲೆ ಯಾರಿಗಾದರೂ ಸಿಟ್ಟಿತ್ತಾ?"

"ಅವನಿಗೇ ನಮ್ಮೆಲ್ಲರ ಮೇಲೆ ಸಿಟ್ಟಿತ್ತು. ಹೋದ ತಿಂಗಳ ಮೀಟಿಂಗಲ್ಲಿ ಕೈ ಎತ್ತಿಸಿ ಅಧ್ಯಕ್ಷಗಿರಿಯಿಂದ ಇಳಿಸಿದ್ವಲ್ಲ. ಎಷ್ಟು ವರ್ಷ ಅಂತ ಅವನೊಬ್ಬನ ದರ್ಬಾರು ಸಹಿಸೋದು? ಅವತ್ತಿಂದ ಯಾರ ಹತ್ತಿರಾನೂ ಮಾತಿಲ್ಲ. ಈಗ ನೋಡು, ಪಾರ್ಕಿಗೇ ಅವನ ಹೆಸರು ಇಡೋಣ ಅಂತ ಎಲ್ಲರೂ ಕುಣೀತಿದಾರೆ." ಯೂಲಾ ಮೂಗು ಮುರಿದಳು. "ಅವನ ಹೆಂಡತಿ ಪ್ರೆಸ್ಕೋಲಾಗೂ ಹೇಳಿದೆ. ಅವಳೇನೂ ಅನ್ನಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ಲು. ಮೀನಿನ ಮುಳ್ಳು ಚುಚ್ಚಿತಂತೆ. ಗಂಡ ಸತ್ತ ಮನೇಲಿ ಮೀನು ಯಾರು ಹೆಚ್ಚಿದ್ರೋ!"

"ಯಾವ ಬೆರಳು?"

"ಎಡಗೈ. ಉಂಗುರದ ಬೆರಳು."

ಲವೀನಿಯಾ ಟೊಪ್ಪಿಗೆ ಎತ್ತಿಕೊಂಡು ಹೊರಗೆ ಬಂದಳು.

ಸಮುದ್ರಕ್ಕೆ ಮುಖ ಮಾಡಿದ್ದ ಕಲ್ಲುಬೆಂಚಿನ ಮೇಲೆ ಅವಳ ಅಪ್ಪ ಜೆಥ್ರೋ ಕುಳಿತಿದ್ದರು. ದೀಪ ಕಾಯುವ ಕೆಲಸದಿಂದ ನಿವೃತ್ತರಾದ ಮೇಲೂ ಸಂಬಳವಿಲ್ಲದೆ ಅದೇ ಕೆಲಸ ಮಾಡುತ್ತಿದ್ದವರು. ದಿನಾ ಸಂಜೆ ಮೇಲೆ ಹೋಗಿ, ದೀಪ ತಿರುಗಿಸುವ ಯಂತ್ರಕ್ಕೆ ಕೀಲಿ ಕೊಟ್ಟು ಬರುತ್ತಿದ್ದರು. ಸೋಮವಾರದಿಂದ ಮೆಟ್ಟಿಲು ತುಳಿದಿಲ್ಲ.

"ಅಪ್ಪಾ, ಏನಾದರೂ ತಿಂದ್ರಾ?"

"ದೀಪ ತಿರುಗ್ತಿಲ್ಲ."

"ಗೊತ್ತಪ್ಪಾ."

"ಬೋಟು ಎಷ್ಟೊತ್ತಿಗೆ ಬರುತ್ತೆ?"

"ಮಧ್ಯಾಹ್ನ. ನೀವು ದಕ್ಕೆಗೆ ಬರಬೇಡಿ. ನೋಡಕ್ಕಾಗಲ್ಲ ನಿಮಗೆ."

ಅವರು ಬಂದೇ ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

ಗಾಲ್ಫ್ ಗಾಡಿ ಓಡಿಸಿಕೊಂಡು ಹೋಗುವಾಗ ಅವಳು ಎಲ್ಲವನ್ನೂ ಮತ್ತೆ ಜೋಡಿಸಿ ನೋಡಿದಳು. ರಾಜಧಾನಿಯಿಂದ ಬಂದ ಇನ್ಸ್‌ಪೆಕ್ಟರ್ ಕಲ್ಮರ್ ಮೊದಲ ದಿನವೇ ಅವಳನ್ನು ಕೇಸಿನಿಂದ ದೂರ ಇಟ್ಟಿದ್ದ. "ಆರೋಪಿಯ ಅಕ್ಕ ನೀನು. ಟ್ರಾಫಿಕ್ ನೋಡಿಕೋ," ಎಂದಿದ್ದ. ಈ ದ್ವೀಪದಲ್ಲಿ ಟ್ರಾಫಿಕ್ ಎಂದರೆ ಇಂಥ ನಾಲ್ಕಾರು ಗಾಡಿ ಮತ್ತು ಪಾದ್ರಿಯ ಕುರುಡು ನಾಯಿ.

ಆಲ್ಫಿಯಸ್ ವಿಹಾರಧಾಮದವರ ಬೋಟು ಓಡಿಸುತ್ತಾನೆ. ವಿನ್ಸ್‌ಲೋ ಜೊತೆ ಬೀದಿಯಲ್ಲೇ ಜಗಳವಾಡಿದ್ದ. ಆ ಬೆಳಿಗ್ಗೆ ಪಾರ್ಕಿನ ಗೇಟಿನಿಂದ ಅವನು ಓಡಿಹೋದದ್ದನ್ನು ಬಳಗದ ಇಬ್ಬರು ನೋಡಿದ್ದರು. ಕಲ್ಮರ್‌ಗೆ ಅಷ್ಟು ಸಾಕಾಯಿತು. ಧಣಿಗಳಿಗಾಗಿ ಪಾದರಸ ಕದಿಯಲು ಹೋದ, ವಿನ್ಸ್‌ಲೋ ಕೈಗೆ ಸಿಕ್ಕಿಬಿದ್ದ, ತಳ್ಳಿದ.

"ನನ್ನ ತಮ್ಮನ ಕತ್ತಿನ ಚಿನ್ನದ ಸರ ಹಳದಿಯಾಗೇ ಇದೆಯಲ್ಲ ಸರ್," ಎಂದು ಅವಳು ನಿನ್ನೆ ಹೇಳಿ ನೋಡಿದ್ದಳು. "ಪಾದರಸ ತಾಗಿದ್ದರೆ ಬೆಳ್ಳಗಾಗ್ತಿತ್ತು."

"ದೀಪ ಕಾಯೋನ ಮಗ. ಸರ ಬಿಚ್ಚಿಟ್ಟು ಹೋಗೋ ಬುದ್ಧಿ ಇರಲ್ವಾ?" ಎಂದು ಕಲ್ಮರ್ ನಕ್ಕಿದ್ದ.

ಆಲ್ಫಿಯಸ್ ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಅಕ್ಕನ ಮುಂದೆಯೂ ಇಲ್ಲ. ಹುಟ್ಟಿದಾಗಿನಿಂದ ಬಾಯಿಬಡುಕ ಎಂದು ಹೆಸರು ತೆಗೆದುಕೊಂಡವನು ಈಗ ಗೋಡೆ ನೋಡುತ್ತಾ ಕೂತಿದ್ದ.

ಇನ್ನೊಂದು ವಿಷಯ ಇತ್ತು. ಸೋಮವಾರ ಹೆಣದ ಹತ್ತಿರ ಮೊದಲು ಹೋದ ಪೊಲೀಸು ಅವಳೇ. ವಿನ್ಸ್‌ಲೋನ ಅಂಗಿಯ ಮೇಲೆ ಎಣ್ಣೆ, ಪ್ಯಾಂಟಿನ ಮೇಲೆ ಸುಣ್ಣ, ಆದರೆ ಕೈಗಳು ಮಾತ್ರ ಆಗಷ್ಟೇ ಒರೆಸಿದ ಹಾಗೆ ಚೊಕ್ಕಟ. ಆಗ ಅದು ಅವಳಿಗೆ ಏನೂ ಹೇಳಿರಲಿಲ್ಲ. ಈಗ ಹೇಳುತ್ತಿತ್ತು. ಕೊಂದವನು ಓಡಿಹೋಗುತ್ತಾನೆ. ಕೂತು ಸತ್ತವನ ಕೈ ಒರೆಸುವವರು ಬೇರೆ.

ಪ್ರೆಸ್ಕೋಲಾ ಸ್ಯಾಂಡ್ಸ್ ಅಡುಗೆಮನೆಯ ಮೇಜಿನ ಮುಂದೆ ಕಪ್ಪು ಬಟ್ಟೆ ತೊಟ್ಟು ಕುಳಿತಿದ್ದಳು. ಮೇಜಿನ ತುಂಬ ಊರವರು ತಂದಿಟ್ಟ ಊಟ. ಬಟಾಣಿ ಅನ್ನ, ಕರಿದ ಶಂಖದ ಮಾಂಸ, ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ. ಒಂದನ್ನೂ ಮುಟ್ಟಿರಲಿಲ್ಲ.

"ಬಾ ಲವೀನಿಯಾ. ತಿನ್ನು. ಹಾಳಾಗಿ ಹೋಗುತ್ತೆ."

"ಬೆರಳಿಗೆ ಏನಾಯ್ತು ಆಂಟಿ?"

"ಮೀನಿನ ಮುಳ್ಳು."

"ಯಾವ ಮೀನು?"

"ಗ್ರೂಪರ್."

"ಈಗ ಗ್ರೂಪರ್ ಹಿಡಿಯೋ ಹಾಗಿಲ್ಲ. ಮೊಟ್ಟೆ ಇಡೋ ಕಾಲ, ಕಾನೂನಿದೆ. ಅದಕ್ಕೂ ಒಂದು ಕೇಸು ಹಾಕಲಾ?"

ಪ್ರೆಸ್ಕೋಲಾ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. "ತಮಾಷೆ ಮಾಡಕ್ಕೆ ಬಂದ್ಯಾ ನನ್ನ ಮನೆಗೆ?"

"ಬಟ್ಟೆ ಬಿಚ್ಚಿ ಆಂಟಿ."

"ಬಿಚ್ಚಲ್ಲ."

"ಸೋಮವಾರ ನೀವು ಪಾದ್ರಿ ಜೊತೆ ಬಂದಾಗ ಹೆಣಕ್ಕೆ ಹೊದಿಕೆ ಹಾಕಿ ಆಗಿತ್ತು. ಮುಟ್ಟೋಕೆ ನಾನೇ ಬಿಡಲಿಲ್ಲ. ಊರೆಲ್ಲ ನೋಡಿದೆ. ಹಾಗಾದ್ರೆ ನಿಮ್ಮ ಉಂಗುರ ಯಾವಾಗ ಬೆಳ್ಳಗಾಯ್ತು?"

ಒಲೆಯ ಮೇಲಿದ್ದ ಕೆಟಲ್ ಕುದಿಯುತ್ತಿತ್ತು. ಪ್ರೆಸ್ಕೋಲಾ ಎದ್ದು ಒಲೆ ಆರಿಸಿದಳು. ಮತ್ತೆ ಕುಳಿತು, ಹಲ್ಲಿನಿಂದ ಗಂಟು ಕಚ್ಚಿ ಬೆರಳಿನ ಬಟ್ಟೆ ಬಿಚ್ಚಿದಳು. ಗಾಯವಿರಲಿಲ್ಲ. ಗಂಟುಕಟ್ಟಿದ ಬೆರಳಿನಲ್ಲಿ ಬಿಗಿಯಾಗಿ ಕೂತಿದ್ದ ಮದುವೆಯ ಉಂಗುರದ ಅರ್ಧ ಭಾಗ ಸತ್ತ ಮೀನಿನ ಹೊಟ್ಟೆಯಂತೆ ಬಿಳಿಚಿಕೊಂಡಿತ್ತು.

"ಸೋಪು ಹಚ್ಚಿ ಎಳೆದೆ. ಬರಲಿಲ್ಲ," ಎಂದಳು. "ವಾತದ ಬೆರಳು ನೋಡು."

"ಏನಾಯ್ತು ಹೇಳಿ."

"ತಿಂಡಿ ತಗೊಂಡು ಹೋಗಿದ್ದೆ. ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ನಲ್ಲ ಅಂತ. ಗೋಡೆ ಬುಡದಲ್ಲಿ ಬಿದ್ದಿದ್ದ. ಉಸಿರಿರಲಿಲ್ಲ. ಕೈ ಹಿಡಕೊಂಡೆ. ಉಗುರಿನ ಸಂದಿ, ತೋಳಿನ ಮಡಿಕೆ, ಎಲ್ಲಾ ಕಡೆ ಪಾದರಸದ ಹನಿ. ಬೆಳ್ಳಗೆ ಹೊಳೀತಿತ್ತು." ಅವಳು ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. "ಜನ ಬಂದು ನೋಡಿದ್ರೆ ಕಳ್ಳ ಅಂತಾರೆ. ಅದಕ್ಕೆ ಏಪ್ರನ್ನಿನಲ್ಲಿ ಒರೆಸಿ ಮನೆಗೆ ಬಂದೆ. ಬಂದು, ಯಾರಾದ್ರೂ ಬಂದು ನಿನ್ನ ಗಂಡ ಸತ್ತ ಅಂತ ಹೇಳಲಿ ಅಂತ ಇದೇ ಕುರ್ಚಿಯಲ್ಲಿ ಕಾಯ್ತಾ ಕೂತೆ."

"ಪಾದರಸ ಎಲ್ಲಿದೆ?"

"ಹಿತ್ತಲಲ್ಲಿ. ಖಾಲಿ ಬಣ್ಣದ ಡಬ್ಬಗಳಲ್ಲಿ. ದಿನಾ ಸ್ವಲ್ಪ ಸ್ವಲ್ಪ ಇಳಿಸ್ತಿದ್ದ. ಸೋಮವಾರ ಕೊನೇದು."

"ವಿಹಾರಧಾಮದವರಿಗೋಸ್ಕರಾನಾ?"

ಪ್ರೆಸ್ಕೋಲಾ ನಕ್ಕಳು. ಕೇಳಿದವರಿಗೆ ಮೈ ಉರಿಯುವಂಥ ನಗು ಅದು. "ಅವರಿಗೆ ಮಾರಿದ್ದರೆ ನಾನು ಅಷ್ಟು ನಾಚಿಕೆ ಪಡ್ತಿರಲಿಲ್ಲ ಕಣೆ. ಶುಕ್ರವಾರ ಆಫೀಸರ್ ಬರ್ತಾನಲ್ಲ, ಅವನ ಮುಂದೆ ದೀಪ ನಿಂತುಹೋಗಬೇಕು. ಬಳಗದೋರೆಲ್ಲ ಬಾಯಿ ಬಾಯಿ ಬಡ್ಕೋಬೇಕು. ಆಗ ಇವನು ಹೋಗಿ ಸರಿಮಾಡಿ ತೋರಿಸಬೇಕು. ಎಲ್ಲರೂ ಕಾಲು ಹಿಡಿದು ಮತ್ತೆ ಅಧ್ಯಕ್ಷ ಆಗು ಅನ್ನಬೇಕು. ಅದಕ್ಕೆ! ಒಂದು ಕುರ್ಚಿಗೆ!"

ಲವೀನಿಯಾ ಕುರ್ಚಿ ಎಳೆದುಕೊಂಡು ಮೇಜಿನ ಎದುರು ಕುಳಿತಳು.

"ಬೇಡ ಅಂತ ಹೇಳಲಿಲ್ವಾ ನೀವು?"

"ನನ್ನ ಮಾತು ಅವನು ಯಾವಾಗ ಕೇಳಿದ್ದ? ನಮಗೆ ಮಕ್ಕಳಾಗಲಿಲ್ಲ. ಇದ್ದ ವಯಸ್ಸನ್ನೆಲ್ಲ ಆ ಗೋಡೆಗೆ ಸುರಿದ. ನಾನು ಜ್ವರ ಬಂದು ಮಲಗಿದ್ದರೆ ಅವನು ಅಲ್ಲಿ ಗಾಜು ಒರೆಸ್ತಿದ್ದ. ಕೊನೆಗೆ ಆ ಜನ ಕೈ ಎತ್ತಿ ಆಚೆ ಹಾಕಿದ್ರು. ಯೂಲಾನೂ ಎತ್ತಿದ್ಲು. ಈಗ ಕೇಕು ತಂದು ಕೊಡ್ತಾಳೆ."

"ಆಂಟಿ, ದಕ್ಕೆಗೆ ಬನ್ನಿ. ಇದನ್ನೇ ಇನ್ಸ್‌ಪೆಕ್ಟರ್ ಮುಂದೆ ಹೇಳಿ."

"ಹೇಳಲ್ಲ."

"ಯಾಕೆ?"

"ಭಾನುವಾರ ಪಾರ್ಕಿಗೆ ಅವನ ಹೆಸರು ಇಡ್ತಾರೆ. ಬದುಕಿದ್ದಾಗ ಸಿಗದ್ದು ಸತ್ತ ಮೇಲಾದ್ರೂ ಸಿಗಲಿ. ನಿನ್ನ ತಮ್ಮ ಬದುಕಿದ್ದಾನಲ್ಲ. ಜೈಲಲ್ಲೋ ಎಲ್ಲೋ, ಉಸಿರಾಡ್ತಾನಲ್ಲ. ನನ್ನವನಿಗೆ ಹೆಸರು ಬಿಟ್ಟು ಇನ್ನೇನಿದೆ?"

ಲವೀನಿಯಾಳ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿದಳು. ಬಟಾಣಿ ಅನ್ನದ ಪಾತ್ರೆ ಕುಣಿದು ನಿಂತಿತು.

"ಚರ್ಚಲ್ಲಿ ಆಲ್ಫಿಯಸ್‌ಗೆ ಜ್ಞಾನಸ್ನಾನ ಆದ ದಿನ ಅವನನ್ನ ಎತ್ತಿಕೊಂಡಿದ್ದು ಯಾರು? ನೀವಲ್ವಾ? ಇವನಿಗೆ ನಾನು ಎರಡನೇ ತಾಯಿ ಅಂತ ದೇವರ ಮುಂದೆ ಹೇಳಿದ್ದು ಯಾರು?"

"ಕೂಗಬೇಡ."

"ಕೂಗಲ್ಲ. ಕೈ ಮುಗಿದೂ ಕೇಳಲ್ಲ. ಒಂದೇ ಕೆಲಸ ಮಾಡಿ. ದಕ್ಕೆಗೆ ಬಂದು, ಅವನು ಬೋಟು ಹತ್ತೋವಾಗ ಅವನ ಮುಖ ನೋಡಿ, ಹೋಗಿ ಬಾ ಮಗನೇ ಅಂತ ಹೇಳಿ ಕಳಿಸಿ. ಅಷ್ಟು ಮಾಡಿ ವಾಪಸು ಬಂದು ಈ ಕುರ್ಚಿಯಲ್ಲಿ ಕೂತ್ಕೊಳ್ಳಿ. ನಾನು ಮತ್ತೆ ನಿಮ್ಮ ಬಾಗಿಲಿಗೆ ಬರಲ್ಲ."

ಅವಳು ಹೊರಗೆ ಬಂದು ಗಾಡಿಯಲ್ಲಿ ಕುಳಿತಳು. ದೂರದಲ್ಲಿ ಬೋಟಿನ ಸದ್ದು ಕೇಳಿಸಿತು. ಅತ್ತುಬಿಡೋಣ ಅನಿಸಿತು, ಸಮಯವಿರಲಿಲ್ಲ.

ಬಾಗಿಲು ತೆರೆದುಕೊಂಡಿತು. ಪ್ರೆಸ್ಕೋಲಾ ಚರ್ಚಿಗೆ ಹೋಗುವ ಟೋಪಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕುಳಿತಳು.

ದಕ್ಕೆಯಲ್ಲಿ ಅರ್ಧ ಊರು ನೆರೆದಿತ್ತು. ಕೆಲವರ ಕೈಯಲ್ಲಿ ಇನ್ನೂ ಬಣ್ಣದ ಕುಂಚ. ಪೊಲೀಸ್ ಬೋಟು ಹಗ್ಗ ಕಟ್ಟಿ ನಿಂತಿತ್ತು. ಇನ್ಸ್‌ಪೆಕ್ಟರ್ ಕಲ್ಮರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಬೇಡಿ ತೊಟ್ಟ ಆಲ್ಫಿಯಸ್. ಸ್ವಲ್ಪ ದೂರದಲ್ಲಿ, ಏಡಿ ತುಂಬುವ ಪೆಟ್ಟಿಗೆಯ ಮೇಲೆ, ಅಪ್ಪ.

"ಟ್ರಾಫಿಕ್ ಇಲ್ಲೂ ಜಾಸ್ತಿ ಇದೆಯಾ ಸಾರ್ಜೆಂಟ್?" ಕಲ್ಮರ್ ಕೇಳಿದ.

"ಇವರು ನಿಮಗೇನೋ ಹೇಳಬೇಕಂತೆ ಸರ್."

ಪ್ರೆಸ್ಕೋಲಾ ಮೊದಲು ಆಲ್ಫಿಯಸ್‌ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಹೋಗಿ ಬಾ ಎನ್ನಲು ಬಾಯಿ ತೆರೆದವಳು ಆ ಮಾತು ಆಡಲಿಲ್ಲ. ಎಡಗೈ ಎತ್ತಿ ಉಂಗುರ ತೋರಿಸಿದಳು, ಬಣ್ಣದ ಡಬ್ಬದ ಮಾತು ಹೇಳಿದಳು, ಕುರ್ಚಿಯ ಆಸೆಯನ್ನೂ ಹೇಳಿದಳು. ದನಿ ಏರಿಸಲಿಲ್ಲ. ಗುಂಪಿನಲ್ಲಿ ಒಬ್ಬೊಬ್ಬರ ಮುಖವೂ ಹುಳ್ಳಗಾಗುತ್ತ ಹೋಯಿತು. ಯಾರೋ "ಸುಳ್ಳು!" ಎಂದು ಕೂಗಿದರು. "ಹಿತ್ತಲಿಗೆ ಹೋಗಿ ನೋಡಿಕೊಳ್ರೋ," ಎಂದಳು ಪ್ರೆಸ್ಕೋಲಾ. "ನೀವು ಕೊಟ್ಟ ಡಬ್ಬಗಳೇ."

ಲವೀನಿಯಾ ಮೊಳೆಯ ಕಥೆ ಹೇಳಿದಳು. ಕಲ್ಮರ್ ಪೂರ್ತಿ ಕೇಳಿದ. ಬೇಸರದ ಮನುಷ್ಯನಾದರೂ ಅವನು ದಡ್ಡನಲ್ಲ.

"ಒಪ್ಪಿದೆ. ಪಾದರಸ ಕದ್ದದ್ದು ಸತ್ತವನೇ. ನಿನ್ನ ತಮ್ಮ ದೀಪ ಕೆಡಿಸಲಿಲ್ಲ."

"ಹಾಗಾದರೆ ಅವನ ಕೈ ಬಿಚ್ಚಿ ಸರ್. ವಿನ್ಸ್‌ಲೋ ತಾನಾಗೇ ಜಾರಿ ಬಿದ್ದಿರ್ತಾನೆ."

"ಎದೆ ಮಟ್ಟದ ಕಂಬಿ ದಾಟಿ? ಅಂಗಿ ಕಾಲರು ಹರಿದುಕೊಂಡು? ಅವನ ಅಂಗಿ ಗುಂಡಿ ಮೇಲಿನ ಜಗಲಿಯಲ್ಲಿ ನನಗೆ ಸಿಕ್ಕಿದೆ. ಯಾರೋ ಕುತ್ತಿಗೆಪಟ್ಟಿ ಹಿಡಿದಿದ್ದಾರೆ." ಕಲ್ಮರ್ ಕರವಸ್ತ್ರ ಮಡಿಸಿ ಜೇಬಿಗಿಟ್ಟ. "ಇಲ್ಲೀತನಕ ನನಗೊಬ್ಬ ಕಳ್ಳ ಬೇಕಾಗಿತ್ತು. ಈಗ ನೀನೇ ಬೇರೆ ದಾರಿ ತೋರಿಸಿದೆ. ದೀಪ ಕೆಡಿಸ್ತಾ ಇದ್ದೋನು ವಿನ್ಸ್‌ಲೋ. ಅದನ್ನ ಕಣ್ಣಾರೆ ಕಂಡು, ಹೊಟ್ಟೆ ಉರಿದು, ಮೈಮೇಲೆ ಬಿದ್ದವರು ಯಾರು? ಈ ಊರಲ್ಲಿ ಆ ದೀಪನ ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿರೋರು ಯಾರಮ್ಮ?"

ಸಂಬಳವಿಲ್ಲದೆ ದಿನಾ ಸಂಜೆ ಮೇಲೆ ಹೋಗಿ ಆ ಯಂತ್ರಕ್ಕೆ ಕೀಲಿ ಕೊಡುತ್ತಿದ್ದವರು ಊರಲ್ಲಿ ಒಬ್ಬರೇ.

ಲವೀನಿಯಾ ತಮ್ಮನ ಕಡೆ ನೋಡಿದಳು. ಆಲ್ಫಿಯಸ್ ಅವಳನ್ನೇ ನೋಡುತ್ತಿದ್ದ. ಈ ದಿನಗಳಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಜೀವವಿತ್ತು, ಅದೂ ಬರೀ ದ್ವೇಷ.

"ಥೂ, ನಿನ್ನ ಬುದ್ಧಿಗಿಷ್ಟು," ಎಂದ. "ಅಕ್ಕಾ, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು ಯಾರಿಗೋಸ್ಕರ ಅಂದುಕೊಂಡೆ? ಒಂದೇ ಒಂದು ದಿನ ಸುಮ್ಮನಿರೋಕೆ ಆಗಲಿಲ್ವಾ ನಿನಗೆ?"

ಲವೀನಿಯಾ ತಿರುಗಿ ನೋಡಿದಳು. ಏಡಿಯ ಪೆಟ್ಟಿಗೆಯ ಮೇಲೆ ಅಪ್ಪ ಇರಲಿಲ್ಲ.

ಅಪ್ಪ ಆಗಲೇ ಬೋಟಿನೊಳಗಿದ್ದರು. ಯಾರ ಕೈಯನ್ನೂ ಹಿಡಿಯದೆ ಇಳಿದು ಹೋಗಿ ಹಿಂದಿನ ಹಲಗೆಯ ಮೇಲೆ ಕುಳಿತಿದ್ದರು.

"ಹುಡುಗನ ಕೈ ಬಿಚ್ಚಪ್ಪ," ಎಂದರು ಇನ್ಸ್‌ಪೆಕ್ಟರಿಗೆ. "ಗಾಳಿ ತಿರುಗ್ತಾ ಇದೆ. ಹೊರಡೋಣ."

"ಅಪ್ಪಾ, ಇಳೀರಿ!" ಆಲ್ಫಿಯಸ್ ಕಿರುಚಿದ. ಬೇಡಿಯ ಕೈಯಲ್ಲೇ ಬೋಟಿನ ಕಡೆ ನುಗ್ಗಿದವನನ್ನು ಪೇದೆ ಹಿಡಿದುಕೊಂಡ. "ಅವರ ಮಾತು ಕೇಳಬೇಡಿ ಸರ್! ಅವರು ಮೇಲೆ ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ತಳ್ಳಿದ್ದು ನಾನು! ಬರೆದುಕೊಳ್ಳಿ, ನಾನೇ!"

"ಸುಳ್ಳು ಹೇಳಬೇಡವೋ," ಎಂದರು ಅಪ್ಪ. "ನೀನು ಬಂದಾಗ ಅವನು ಕೆಳಗೆ ಬಿದ್ದಾಗಿತ್ತು."

ಪ್ರೆಸ್ಕೋಲಾ ಗುಂಪಿನಿಂದ ಮುಂದೆ ಬಂದು ದಕ್ಕೆಯ ಅಂಚಿನಲ್ಲಿ ನಿಂತಳು. "ಜೆಥ್ರೋ," ಎಂದಳು, "ನನ್ನ ಕಡೆ ನೋಡಿ ಹೇಳು." ಅಪ್ಪ ಅವಳ ಕಡೆ ನೋಡಲಿಲ್ಲ.

ಕಲ್ಮರ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ. ಆಮೇಲೆ ಕೀಲಿ ತೆಗೆದು ಆಲ್ಫಿಯಸ್‌ನ ಬೇಡಿ ಬಿಚ್ಚಿದ. ಅದನ್ನು ಲವೀನಿಯಾಳ ಮುಂದೆ ಹಿಡಿದ.

"ನೀನೇ ಪತ್ತೆ ಮಾಡಿದ್ದಲ್ವಾ, ಸಾರ್ಜೆಂಟ್? ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ. ಅವರ ಜೊತೆ ಒಂದೇ ಮನೇಲಿ ಬೆಳೆದೋಳು ನೀನು. ಯಾರಿಗೆ ತೊಡಿಸ್ತೀಯೋ ತೊಡಿಸು."

ಬೇಡಿ ತಮ್ಮನ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಲವೀನಿಯಾ ಅದನ್ನು ತೆಗೆದುಕೊಂಡಳು. ಆಲ್ಫಿಯಸ್ ಕೈ ಮುಂದೆ ಚಾಚಿ ನಿಂತಿದ್ದ. ಬೋಟಿನಲ್ಲಿ ಅಪ್ಪ ಆಗಲೇ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಳ್ಳುತ್ತಿದ್ದರು.